ಯಾವ ಪಾರ್ಟಿ ಕಡೆಯೋರು ನೀವು?

ಈ ಊರಿನ ಜನ ನನಗೆ ಪರಿಚಯವಾದದ್ದು ಎಡಗೈ ತೋರುಬೆರಳಿನಿಂದ. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ಬಂದ ಚುನಾವಣೆಗಳಲ್ಲೆಲ್ಲ ನನ್ನ ಪಾಲಿಗೆ ಬಿದ್ದದ್ದು ಶಾಯಿ ಹಚ್ಚುವ ಕೆಲಸ. ಅದಕ್ಕಿಂತ ದೊಡ್ಡ ಜವಾಬ್ದಾರಿ ಕೊಡುವಷ್ಟು ನಂಬಿಕೆ ಮೇಲಿನವರಿಗೆ ಹುಟ್ಟಲಿಲ್ಲವೋ, ನನ್ನ ಕೈ ನಡುಗುವುದಿಲ್ಲವೆಂದು ಯಾರಾದರೂ ಮೆಚ್ಚಿ ಬರೆದಿಟ್ಟಿದ್ದರೋ ಕಾಣೆ. ಮಿಲ್ಲಿನ ನೂಲು ಕೊಯ್ದು ಗೆರೆ ಬಿದ್ದ ಬೆರಳು, ಅಡಕೆ ಸುಲಿದು ಕಪ್ಪಾದ ಬೆರಳು, ಮದುವೆ ಮಾರನೇ ದಿನವೇ ಬಂದು “ಸಾರ್, ಮೆಹಂದಿ ಡಿಸೈನ್ ಕೆಡಿಸ್ಬೇಡ್ರಿ” ಎಂದವಳ ಬೆರಳು. ಮುಖ ನೋಡಲು ಪುರುಸೊತ್ತೆಲ್ಲಿ? ತಲೆ ಎತ್ತುವಷ್ಟರಲ್ಲಿ ಮುಂದಿನ ಬೆರಳು ಎದುರಿಗೆ ಬಂದಿರುತ್ತಿತ್ತು. ಮೊದಲೆಲ್ಲ ಉಗುರು ಚರ್ಮ ಕೂಡುವ ಕಡೆ ಒಂದು ಚುಕ್ಕೆ ಇಟ್ಟರೆ ಸಾಕಿತ್ತು. 2006ರಿಂದ ಚುಕ್ಕೆಗೆ ಬಡ್ತಿ ಸಿಕ್ಕಿ ಗೆರೆಯಾಯಿತು. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆಯಬೇಕು. ನನಗೆ ಸಿಗದ ಬಡ್ತಿ ಶಾಯಿಗೆ ಸಿಕ್ಕಿತಲ್ಲ ಎಂದು ಆಗ ಸಮಾಧಾನಪಟ್ಟುಕೊಂಡಿದ್ದೆ.

ಆ ಶಾಯಿಯೂ ನಮ್ಮದೇ ನೆಲದ್ದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಕ್ಕಾಗಿ ಶುರುವಾದ ಮೈಸೂರಿನ ಕಾರ್ಖಾನೆ 1962ರ ಚುನಾವಣೆಯಿಂದ ಈಚೆಗೆ ಇಡೀ ದೇಶದ ಬೆರಳಿಗೆ ಶಾಯಿ ಕಳಿಸುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬೆಳಕು ತಗುಲಿದರೆ ಕಪ್ಪಾಗುವ ಬೆಳ್ಳಿಯ ಉಪ್ಪು ಅದು. ಹಳೇ ಫೋಟೋ ಫಿಲ್ಮಿಗೆ ಬಳಿಯುತ್ತಿದ್ದ ಲೇಪವನ್ನು ತಯಾರಿಸುತ್ತಿದ್ದದ್ದೂ ಇದೇ ಸಿಲ್ವರ್ ನೈಟ್ರೇಟಿನಿಂದ. ಅಂದರೆ ನಾನು ಸರ್ಕಾರಿ ಖರ್ಚಿನಲ್ಲಿ ಅಷ್ಟು ವರ್ಷ ಫೋಟೋಗ್ರಫಿಯನ್ನೇ ಮಾಡುತ್ತಿದ್ದೆ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಹೇಳಿಯೂ ನೋಡಿದೆ. ಮನೆಯವಳು ಒಪ್ಪಲಿಲ್ಲ.

ನಿವೃತ್ತಿಯಾದ ಮೇಲೆ ಫೋಟೋ ತೆಗೆಯುವ ಹುಚ್ಚು ಹತ್ತಲು ಕಾರಣ ಬೆಂಗಳೂರಿನ ತಂಗಿಯ ಮಗ. ಅವನ ಮನೆಯಲ್ಲಿ ಆಗಸ್ಟ್ ಸ್ಯಾಂಡರ್ ಎಂಬ ಜರ್ಮನ್ ಛಾಯಾಗ್ರಾಹಕನ ಪುಸ್ತಕ ನೋಡಿದೆ. ರೈತ, ಮಿಠಾಯಿ ಮಾಡುವವ, ಗಾರೆ ಕೆಲಸದವ, ವಕೀಲ, ಹೀಗೆ ತನ್ನ ದೇಶದ ಜನರನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳು. 1929ರಲ್ಲಿ ಅವನ ಮೊದಲ ಸಂಕಲನ ಬಂತು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, 1936ರಲ್ಲಿ, ಅದರ ಅಚ್ಚಿನ ಪಡಿಯಚ್ಚುಗಳನ್ನು ನಾಶಮಾಡಿಸಿದರು. ಸುಮ್ಮನೆ ನಿಂತು ಕ್ಯಾಮೆರಾ ನೋಡುವ ಮುಖಗಳಿಗೆ ಸರ್ಕಾರವೊಂದು ಅಷ್ಟು ಹೆದರಿದೆ ಎಂದರೆ ಅವುಗಳಲ್ಲಿ ಏನೋ ಇರಬೇಕು ಅನ್ನಿಸಿತು. ನಮ್ಮಲ್ಲೂ ಟಿ.ಎಸ್. ಸತ್ಯನ್ ಇಡೀ ಆಯುಷ್ಯ ಸಾಮಾನ್ಯರ ಮುಖಗಳನ್ನೇ ಹುಡುಕಿಕೊಂಡು ತಿರುಗಿದವರು. ದಾವಣಗೆರೆ, ಹರಿಹರದ ಮತದಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಫೋಟೋ ತೆಗೆದರೆ ನಮ್ಮ ಕಣ್ಣೆದುರೇ ಆದ ರಾಜಕೀಯ ಬದಲಾವಣೆಯೆಲ್ಲ ಆ ಮುಖಗಳಲ್ಲಿ ಕಾಣಬಹುದು ಎಂದು ಲೆಕ್ಕ ಹಾಕಿದೆ. ಊರಿಗೆ ಬಂದು ಹೇಳಿದರೆ ಮನೆಯವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಅಂದಳು: “ಮದುವೆ ಆದಾಗಿಂದ ನಂದೊಂದು ಕಣ್ಣು ಬಿಟ್ಟಿರೋ ಫೋಟೋ ತೆಗ್ದಿಲ್ಲ. ಈಗ ಊರೋರ್ದು ತೆಗಿತೀರಾ? ತೆಗಿರಿ, ತೆಗಿರಿ.”

ಮತದಾರರ ಮುಖಚಿತ್ರದ ಕೆಲಸ ಈ ದೇಶದಲ್ಲಿ ಹೊಸದೇನಲ್ಲ. ಅದನ್ನು ಯಾವ ಕಲಾವಿದನಿಗೂ ಸಾಧ್ಯವಿಲ್ಲದಷ್ಟು ದೊಡ್ಡದಾಗಿ ಮಾಡಿಸಿದವರು ಆಗಿನ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್. 1993ರಲ್ಲಿ ಫೋಟೋ ಇರುವ ಗುರುತಿನ ಚೀಟಿಗೆ ಆದೇಶ ಹೊರಡಿಸಿ, 1995ರ ಜನವರಿ 1ರ ಒಳಗೆ ಚೀಟಿ ಕೊಡದಿದ್ದರೆ ಚುನಾವಣೆಯನ್ನೇ ನಡೆಸುವುದಿಲ್ಲ ಎಂದು ಗುಡುಗಿದ್ದರು. ಆಮೇಲೆ ಶಾಲೆಯ ಕೋಣೆಗಳಲ್ಲಿ ಒಂದು ಬೆಂಚು, ಒಂದು ಬಟ್ಟೆ, ಒಂದು ಕ್ಯಾಮೆರಾ. “ಮೇಲೆ ನೋಡಿ, ಮುಂದಿನವರು ಬನ್ನಿ.” ಇಷ್ಟರೊಳಗೆ ಊರಿನ ಮರ್ಯಾದಸ್ಥರೆಲ್ಲ ಪೊಲೀಸ್ ಠಾಣೆಯ ಬೋರ್ಡಿನಲ್ಲಿರುವವರ ಹಾಗೆ ಆಗಿ ಹೊರಗೆ ಬಂದರು. ನನ್ನ ಚೀಟಿಯಲ್ಲಿರುವವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅವನ ಹೆಸರಿನಲ್ಲೇ ನಾನು ತಪ್ಪದೆ ಮತ ಹಾಕುತ್ತ ಬಂದಿದ್ದೇನೆ. ಜನಕ್ಕೆ ಆ ಅವಮಾನದಿಂದ ಬಿಡುಗಡೆ ಕೊಡಿಸುವುದೂ ನನ್ನ ಉದ್ದೇಶದಲ್ಲಿ ಸೇರಿತು.

ಸಾಮಾನಿಗೆ ಕೊರತೆ ಇರಲಿಲ್ಲ. ಮಂಡಿಪೇಟೆ ಹತ್ತಿರ ಸೋದರಮಾವನ ಸ್ಟುಡಿಯೋ ಇತ್ತು. ಬಾಗಿಲಲ್ಲಿ ಕನ್ನಡಿ, ಹಲ್ಲುದುರಿದ ಬಾಚಣಿಗೆ, ಪೌಡರ್ ಡಬ್ಬಿ. ಗೂಟದಲ್ಲಿ ಯಾರಿಗೂ ಸರಿಹೊಂದದ, ಎಲ್ಲರೂ ಹಾಕಿಕೊಳ್ಳುತ್ತಿದ್ದ ಒಂದು ಕೋಟು. ಕೈಯಲ್ಲೇ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಒಂದು ಮರದ ಸ್ಟೂಲು, ಬಣ್ಣದ ಪರದೆ ನಮ್ಮ ಅಟ್ಟ ಸೇರಿದವು. ಪರದೆಯಲ್ಲಿ ಒಂದು ಕೊಳ, ಕೊಳಕ್ಕೆ ಮೆಟ್ಟಿಲು, ನೀರಿನಲ್ಲಿ ಒಂದು ಹಂಸ. ಸ್ಯಾಂಡರನ ಹಾದಿ ಹಿಡಿದವನಿಗೆ ಹಂಸ ಬೇಡವಾಗಿತ್ತು. ಪರದೆಯ ಹಿಂಬದಿ ತಿರುಗಿಸಿ ಮಾಸಲು ಬಿಳುಪನ್ನೇ ಬಳಸುವ ಯೋಚನೆ. ಆದರೆ ಮೊದಲ ದಿನವೇ ಹೂ ಮಾರುವ ಹೆಂಗಸು ಪರದೆಯ ಹಿಂದೆ ಇಣುಕಿ, “ಚಂದಿರೋದನ್ನ ಗ್ವಾಡೆ ಕಡೆ ತಿರುಗ್ಸಿ, ನಮ್ಮನ್ನ ಹೆಣದ ಬಟ್ಟೆ ಮುಂದೆ ಕೂರಿಸ್ತೀರಲ್ಲ ಮೇಷ್ಟ್ರೆ” ಎಂದಳು. ಅಲ್ಲಿಂದ ಹಂಸ ಕಾಯಂ ಆಯಿತು. ಕೆಲವರು ಹಂಸ ಪೂರ್ತಿ ಬಂದಿದೆಯೇ ಎಂದು ನೋಡಿಕೊಂಡ ಮೇಲೇ ತಮ್ಮ ಮುಖ ನೋಡಿಕೊಳ್ಳುತ್ತಾರೆ.

ನನ್ನದು ಎರಡೇ ನಿಯಮ. ಯಾರಿಗೆ ಓಟು ಅಂತ ಕೇಳಬಾರದು, ಹೆಸರು ಬರೆಯಬಾರದು. ಮೊದಲ ಸಲ ಮತ ಹಾಕಿದ ದಿನ ಹೇಗಿತ್ತು ಎಂದಷ್ಟೇ ಕೇಳುವುದು. ಇದಕ್ಕಿಂತ ನಿರುಪದ್ರವಿ ಪ್ರಶ್ನೆ ಇರಲಾರದು ಅಂದುಕೊಂಡಿದ್ದೆ. ಆದರೆ ಜಯದೇವ ಸರ್ಕಲ್ಲಿನಲ್ಲಿರಲಿ, ಹೊಂಡದ ಸರ್ಕಲ್ಲಿನಲ್ಲಿರಲಿ, ಗಡಿಯಾರ ಕಂಬದ ಬುಡದಲ್ಲಿರಲಿ, ಉತ್ತರಕ್ಕೆ ಮುಂಚೆ ಅವರ ಪ್ರಶ್ನೆಯೇ ಬರುತ್ತದೆ: “ಯಾವ ಪಾರ್ಟಿ ಕಡೆಯೋರು ನೀವು?” ಯಾವುದೂ ಅಲ್ಲ ಎಂದರೆ ನಂಬುವುದಿಲ್ಲ. ನಂಬಿದವರು ಮರುಕ ಪಡುತ್ತಾರೆ. ಒಬ್ಬ ಆಟೋದವನಂತೂ, “ಪಾರ್ಟಿ ಇಲ್ಲ ಅಂದ್ರೆ ಪೆಟ್ರೋಲಿಗೆ ಯಾರ್ ಕೊಡ್ತಾರೆ ಸಾರ್?” ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದ.

ಡಿಸಿಎಂ ಟೌನ್‌ಶಿಪ್ ಕಡೆ ಸಿಕ್ಕ ಹಿರಿಯರೊಬ್ಬರು ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಹತ್ತಿ ಗಿರಣಿಗಳಿಂದಾಗಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಕಾರ್ಮಿಕ. ಬೆಣ್ಣೆ ದೋಸೆಯ ಊರು ಎಂಬ ಹೆಸರಷ್ಟೇ ಗೊತ್ತಿರುವ ಈಗಿನ ಹುಡುಗರಿಗೆ, ಇಲ್ಲಿನ ಜನ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983, 1985, ಹೀಗೆ ಮೂರು ಸಲ ವಿಧಾನಸಭೆಗೆ ಕಳಿಸಿದ್ದರು ಎಂದರೆ ಕಥೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಈ ಹಿರಿಯರ ಮೊದಲ ಮತ 1978ರದ್ದು. “ರಾತ್ರಿ ಪಾಳಿ ಮುಗಿಸಿ ಸೀದಾ ಬೂತಿಗೆ ಹೋಗಿದ್ದೆ. ತಲಿ ತುಂಬ ಅರಳೆ. ನನ್ನ ಹಿಂದಿದ್ದೋನ್ದೂ ಹಂಗೇ, ಮುಂದಿದ್ದೋನ್ದೂ ಹಂಗೇ. ಅಲ್ಲಿದ್ದ ಏಜೆಂಟ್ ನಮ್ಮನ್ನ ನೋಡೇ ಯಾರಿಗೆ ಒತ್ತಾಕೆ ಬಂದಾರೆ ಅಂತ ತಿಳ್ಕಂಡುಬಿಟ್ಟ” ಎಂದು ನಕ್ಕರು. ತೆನೆ-ಕುಡುಗೋಲಿನ ಮೇಲೆ ಮುದ್ರೆ ಒತ್ತಿ, ಶಾಯಿ ಇನ್ನೊಂದು ಗುರುತಿಗೆ ಹತ್ತದ ಹಾಗೆ ಕಾಗದವನ್ನು ಉದ್ದಕ್ಕೆ ಮಡಿಸುವುದನ್ನು ಸಂಘದ ಆಫೀಸಿನಲ್ಲಿ ಹಿಂದಿನ ದಿನವೇ ಹಳೇ ಪೇಪರಿನಲ್ಲಿ ಅಭ್ಯಾಸ ಮಾಡಿಸಿದ್ದರಂತೆ. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅವರು ಎಡ ಭುಜ ಕೊಡವಿದರು. ಬಲ ಭುಜ ಕೊಡವಿದರು. ಅಂಗೈಯಿಂದ ತಲೆಯ ಮೇಲೆ ಎರಡು ಸಲ ಬಡಿದುಕೊಂಡರು. ಇಸ್ತ್ರಿಯ ಶರಟು, ಅರ್ಧಕ್ಕರ್ಧ ಬೋಳಾದ ತಲೆ. ಕೊಡವಲು ಏನೂ ಇರಲಿಲ್ಲ. ಇನ್ನೊಂದು ಚಿತ್ರಕ್ಕೆ ತಯಾರಾದಾಗಲೂ ಹಾಗೆಯೇ ಮಾಡಿದರು. ಗಿರಣಿಯ ಕೂಗು ನಿಂತು ಎಷ್ಟು ವರ್ಷವಾದರೂ ಫೋಟೋಗೆ ಕೂರುವ ಮುನ್ನ ಅರಳೆ ಕೊಡವಬೇಕೆಂದು ಕೈಗೆ ನೆನಪಿತ್ತು. ಆ ಕೊಡವುವ ಚಿತ್ರವನ್ನೇ ತೆಗೆಯೋಣವೆಂದರೆ ಒಪ್ಪಲಿಲ್ಲ. “ಹುಚ್ಚಪ್ಪ ಅನ್ಕಂತಾರೆ, ನೆಟ್ಟಗೆ ತೆಗಿರಿ.” ಈಗಿನ ಮತದ ಮಾತು ಬರುವ ಮುಂಚೆಯೇ ಬೆರಳೆತ್ತಿದರು: “ಈಗಿಂದು ಕೇಳ್ಬ್ಯಾಡ್ರಿ. ನನ್ ಮಗಂಗೇ ಹೇಳಿಲ್ಲ.”

ಮಂಡಕ್ಕಿ ಭಟ್ಟಿಯಲ್ಲಿ ನನಗೆ ಬೇರೆಯದೇ ಪಾಠವಾಯಿತು. ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ತಿನ್ನುವ ನಾವು ಆ ಕಡೆ ಹೋಗುವುದು ಕಡಿಮೆ. ಒಲೆಯ ಮೇಲೆ ಕಬ್ಬಿಣದ ಬಾಣಲೆ, ಅದರಲ್ಲಿ ಕೆಂಪಗೆ ಕಾದ ಮರಳು. ಉಪ್ಪು ಹಿಡಿದ ಅಕ್ಕಿಯನ್ನು ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗೆ ಅರಳಿ ಮೇಲೆ ಬರುತ್ತದೆ. ಅದನ್ನು ಜರಡಿಗೆಳೆದು ಮರಳನ್ನು ಮತ್ತೆ ಬಾಣಲೆಗೆ ಬಿಡುತ್ತಾರೆ. ಹೊಗೆಯಲ್ಲಿ ಒಬ್ಬಾತ ನಿಂತಿದ್ದ. ಮುಖವೆಲ್ಲ ಮಸಿ, ರೆಪ್ಪೆಯ ಮೇಲೆ ಹೊಟ್ಟಿನ ಧೂಳು, ಹಿಂದೆ ಉರಿ. ಸ್ಯಾಂಡರನೇ ಬಂದು ನಿಂತರೂ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದರೆ, ಆತ ಕೈ ಅಡ್ಡ ಹಿಡಿದ. “ಓಟ್ ಹಾಕೋರ ಫೋಟೋ ಅಂದ್ರಲ್ಲ? ಇರ್ರಿ, ಬಂದೆ.” ಹೋದವನು ಬರಲಿಲ್ಲ, ಬರಲಿಲ್ಲ. ಕೊನೆಗೆ ಎಣ್ಣೆ ಹಾಕಿ ಬಾಚಿದ ತಲೆಯ, ಬಿಳಿ ಅಂಗಿಯ, ಜೇಬಿನಲ್ಲಿ ಪೆನ್ನಿಟ್ಟ ಒಬ್ಬ ಗೃಹಸ್ಥ ಬಂದು ಸ್ಟೂಲಿನ ಮೇಲೆ ಕೂತ. ಅವನೇ ಇವನೆಂದು ನನಗೆ ತಿಳಿಯಲು ತುಸು ಹೊತ್ತಾಯಿತು. ಸ್ವಲ್ಪ ಮೊದಲಿನ ಹಾಗೆ ಭಟ್ಟಿ ಹತ್ತಿರ ಒಂದು ತೆಗೆಯೋಣವೇ ಎಂದು ಪುಸಲಾಯಿಸಿದೆ. “ಅದು ಕೂಲಿ ಮಾಡೋನ್ದು ಸಾರ್. ಓಟ್ ಹಾಕಾಕೆ ನಾನು ಹಿಂಗೇ ಹೋಗೋದು.”

ಅವನ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. ಬೂತಿನಲ್ಲಿ ನಾನು ಕಂಡ ಬೆರಳುಗಳೆಲ್ಲ ತೊಳೆದ ಬೆರಳುಗಳೇ ಅಲ್ಲವೇ? ಭಟ್ಟಿಯವನು, ಹಮಾಲಿ, ಸಾಹುಕಾರ ಎಂಬುದು ಉಳಿದೆಲ್ಲ ದಿನದ ಮಾತು. ಮತದಾರ ಎಂಬವನು ಐದು ವರ್ಷಕ್ಕೊಂದು ದಿನ, ಹೆಚ್ಚೆಂದರೆ ಎರಡು ಮೂರು ದಿನ ಇರುವ ಮನುಷ್ಯ. ಆ ದಿನ ಅವನು ಇಸ್ತ್ರಿ ಅಂಗಿಯಲ್ಲಿರುತ್ತಾನೆ. ಸ್ಟುಡಿಯೋದ ಪೌಡರು, ಕೋಟು, ಹಂಸಗಳನ್ನು ಸುಳ್ಳಿನ ಸರಂಜಾಮು ಎಂದು ನಗಾಡುವವರು ಬೂತಿನ ಸಾಲನ್ನು ಸರಿಯಾಗಿ ನೋಡಿಲ್ಲ.

ಮುಖಗಳಲ್ಲಿ ರಾಜಕೀಯ ಬದಲಾವಣೆ ಕಂಡಿತೇ ಎಂದು ತಂಗಿಯ ಮಗ ಫೋನಿನಲ್ಲಿ ಕೇಳುತ್ತಲೇ ಇರುತ್ತಾನೆ. ಅವನಿಗೆ ಏನು ಹೇಳಲಿ? ಲೋಕಸಭೆಯ ಲೆಕ್ಕ ತೆಗೆದರೆ 1996ರಿಂದ ಈಚೆಗೆ ದಾವಣಗೆರೆಯ ಸ್ಥಾನ ಎರಡೇ ಮನೆಗಳ ನಡುವೆ ಓಡಾಡಿದೆ. ಜಿ. ಮಲ್ಲಿಕಾರ್ಜುನಪ್ಪ, ನಡುವೆ 1998ರಲ್ಲಿ ಶಾಮನೂರು ಶಿವಶಂಕರಪ್ಪ, ಮತ್ತೆ ಮಲ್ಲಿಕಾರ್ಜುನಪ್ಪ. 2004ರಿಂದ ನಾಲ್ಕು ಸಲ ಅವರ ಮಗ ಸಿದ್ದೇಶ್ವರ. 2024ರಲ್ಲಿ ಆ ಮನೆಯ ಸೊಸೆ ಗಾಯತ್ರಿ, ಈ ಮನೆಯ ಸೊಸೆ ಪ್ರಭಾ ಎದುರೆದುರು ನಿಂತು, ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಮಾವ ಶಿವಶಂಕರಪ್ಪನವರು ಅದರ ಹಿಂದಿನ ವರ್ಷವಷ್ಟೇ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಶಾಸಕರಾಗಿದ್ದರು. ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟಿನ ಕಾಟ ತಪ್ಪಿಸುತ್ತೇನೆಂದು ಭರವಸೆ ಕೊಡದ ಅಭ್ಯರ್ಥಿಯನ್ನಂತೂ ನನ್ನ ಜೀವಮಾನದಲ್ಲಿ ಕಾಣೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ನಮ್ಮ ಮನೆಯ ಬಾಗಿಲು ಇದ್ದಲ್ಲೇ ಇದೆ. ನಮ್ಮದೇನು ಮಹಾ, ಹರಪನಹಳ್ಳಿಯವರ ಪಾಡು ನೋಡಿ. ಬಳ್ಳಾರಿಯಲ್ಲಿದ್ದವರು ದಾವಣಗೆರೆಗೆ ಬಂದರು, ತಿರುಗಿ ಬಳ್ಳಾರಿಗೆ ಹೋದರು, ಅಲ್ಲಿಂದ ವಿಜಯನಗರಕ್ಕೆ. ಸಂಸದರನ್ನು ಆರಿಸಲು ಮಾತ್ರ ಈಗಲೂ ದಾವಣಗೆರೆ. ಅಲ್ಲಿ ಶಾಯಿ ಹಚ್ಚಿಸಿಕೊಂಡ ಅಜ್ಜನೊಬ್ಬ, “ನಾನು ಕುಂತಲ್ಲೇ ಐದೀನಿ, ಊರು ತಿರುಗ್ತೈತಿ” ಎಂದಿದ್ದ.

ಬದಲಾವಣೆ ಕಂಡದ್ದು ಮುಖದಲ್ಲಲ್ಲ, ಯಾರು ಯಾರ ಜೊತೆ ಬರುತ್ತಾರೆ ಎಂಬುದರಲ್ಲಿ. ಮೊದಲು ಹೆಂಗಸರು ಗುಂಪಾಗಿ ಬರುತ್ತಿದ್ದರು. ಅಷ್ಟೂ ಜನರ ಚೀಟಿ ಮನೆಯ ಯಜಮಾನನ ಮುಷ್ಟಿಯಲ್ಲಿ. ಅವನು ಒಬ್ಬೊಬ್ಬರಿಗೇ ಪ್ರಸಾದದಂತೆ ಹಂಚಿ ಸಾಲಿಗೆ ಬಿಡುತ್ತಿದ್ದ. ಈಚೀಚೆಗೆ ಅವರ ಚೀಟಿ ಅವರ ಮೊಬೈಲಿನಲ್ಲೇ ಇರುತ್ತದೆ. 2023ರ ಜೂನಿನಿಂದ ಬಸ್ಸೂ ಪುಕ್ಕಟೆ. ಹರಿಹರದಿಂದ ಬಂದ ಗೃಹಿಣಿಯೊಬ್ಬಳು ಸ್ಟೂಲಿನ ಮೇಲೆ ಕೂತು, “ನಮ್ಮನೆಯೋರಿಗೆ ಹೇಳಿಲ್ಲ. ದಾವಣಗೆರೆಗೆ ಬಂದೀನಿ ಅಂತ್ಲೂ ಗೊತ್ತಿಲ್ಲ” ಎಂದಳು. ಫೋಟೋ ಕೈಗೆ ಸಿಕ್ಕಿದರೆ ಏನು ಹೇಳುತ್ತೀಯಮ್ಮ ಎಂದೆ. “ಹರಿಹರದಾಗೇ ತೆಗೆಸಿದ್ದು ಅಂತೀನಿ. ಕೊಳ ಐತಲ್ಲ ಹಿಂದೆ, ಹೊಳಿ ಅಂದ್ರಾತು.” ಅವಳ ಲೆಕ್ಕದಲ್ಲಿ ಹಂಸ ತುಂಗಭದ್ರೆಯದಾಯಿತು.

ಹರಿಹರಕ್ಕೆ ನಾನೂ ಪರದೆ ಸುತ್ತಿಕೊಂಡು ಹೋಗತೊಡಗಿದೆ. ಗಾಳಿ ಹೊಳೆಯಾಚೆಯಿಂದ ಬೀಸಿದರೆ ಕುಮಾರಪಟ್ಟಣದ ಫ್ಯಾಕ್ಟರಿಯ ವಾಸನೆ. ಈ ಕಡೆ 1941ರಲ್ಲಿ ಶುರುವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಕೊನೆಗೆ ಬಾಗಿಲು ಹಾಕಿದ ಮೈಸೂರು ಕಿರ್ಲೋಸ್ಕರಿನ ನೆನಪು. ನಡುವೆ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ. ಬಲಕ್ಕೆ ಹರ, ಎಡಕ್ಕೆ ಹರಿ. ಎಂಟುನೂರು ವರ್ಷದಿಂದ ಬೀಳದ ಸಮ್ಮಿಶ್ರ ಸರ್ಕಾರ ಎಂದು ಅಲ್ಲಿನ ಕಟ್ಟೆಯ ಮೇಲೆ ಕೂರುವವರು ಹೇಳಿಕೊಳ್ಳುತ್ತಾರೆ. ದೇವರ ಸ್ಥಿರತೆ ಮತದಾರರಿಗೆ ಅಂಟಿಲ್ಲ. 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಯಾರನ್ನೂ ಬೇಜಾರು ಮಾಡದ ಊರು, ಯಾರನ್ನೂ ಕಾಯಂ ಮಾಡದ ಊರು.

ಗುಡಿಯ ಹಿಂದಿನ ಬೀದಿಯ ಅಜ್ಜಿಗೆ ಬೇರೆಯದೇ ಸಂಕಟ. 2023ರಲ್ಲಿ ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಮೊಮ್ಮಗ ಅರ್ಜಿ ತುಂಬಿಬಿಟ್ಟ. ಅಧಿಕಾರಿಗಳು, ಪೊಲೀಸಿನವನು, ವಿಡಿಯೋದವನು, ಎಲ್ಲರೂ ಮನೆಗೆ ಬಂದರು. “ಓಟು ಗುಟ್ಟು ಅಂತೀರಿ, ಮತ್ತೆ ಇಷ್ಟು ಜನ ನಮ್ ನಡುಮನಿಯಾಗೆ ನಿಂತೀರಲ್ಲಪ್ಪ ಅಂದೆ. ಮಂಚದ ಮ್ಯಾಲೆ ಒಂದು ರಟ್ಟು ನಿಲ್ಸಿ, ಅದರ ಮರೆಯಾಗೆ ಗುರ್ತು ಹಾಕಮ್ಮ ಅಂದ್ರು. ಉಟ್ಟ ಸೀರೀಲೇ ಮುಗುದೋಯ್ತು.” ಮತದಾನಕ್ಕೆಂದೇ ಇಟ್ಟಿದ್ದ ಇಳಕಲ್ ಸೀರೆ ಟ್ರಂಕಿನಲ್ಲೇ ಉಳಿಯಿತು. ಬೂತಿಗೆ ಹೋದರೆ ನಾಲ್ಕು ಜನ ಸಿಗುತ್ತಿದ್ದರು, ಯಾರ್ಯಾರು ಇದ್ದಾರೆ ಯಾರ್ಯಾರು ಹೋದರು ಎಂದು ಗೊತ್ತಾಗುತ್ತಿತ್ತು. ಪುಣ್ಯಕ್ಕೆ 2024ರ ಲೋಕಸಭೆಗೆ ಆ ಮಿತಿಯನ್ನು ಎಂಬತ್ತೈದಕ್ಕೆ ಏರಿಸಿದರು. ಅಜ್ಜಿಗೆ ಆಗ ಎಂಬತ್ಮೂರು. “ಸರ್ಕಾರದೋರೇ ನನ್ನ ವಯಸ್ಸು ಇಳ್ಸಿದ್ರು ನೋಡು” ಎಂದು ಇಳಕಲ್ ಉಟ್ಟು ನಡೆದೇ ಹೋಗಿ ಮತ ಹಾಕಿ ಬಂದರು. ನನ್ನ ಫೋಟೋಗೂ ಅದನ್ನೇ ಉಟ್ಟು ಕೂತರು. ಬೆರಳು ಮುಂದೆ ಹಿಡಿಯಿರಿ ಎಂದೆ. ಶಾಯಿ ಅಳಿಸಿ ಎಷ್ಟೋ ಕಾಲವಾಗಿತ್ತು. ಉಗುರು ಬೆಳೆದ ಹಾಗೆ ಗೆರೆ ಮೇಲೆ ಮೇಲೆ ಏರಿ, ಒಂದು ದಿನ ಬ್ಲೇಡಿಗೆ ಸಿಕ್ಕಿ ಹೋಗಿತ್ತಂತೆ. “ನೀನೇ ಹಚ್ಚು, ನಿನ್ನತ್ರ ಇರ್ತೈತಲ್ಲ” ಎಂದರು. ಎಷ್ಟು ಹೇಳಿದರೂ ಶಾಯಿ ಬಾಟಲಿಯನ್ನು ನಾನು ಮನೆಗೆ ಕದ್ದುಕೊಂಡು ಹೋಗಿಲ್ಲವೆಂದು ಅವರು ನಂಬಲಿಲ್ಲ.

ನನ್ನ ಸ್ಟೂಲಿನ ಸುದ್ದಿ ಇಷ್ಟರಲ್ಲಿ ಹೋಗಬಾರದ ಕಡೆ ಹೋಗಿತ್ತು. ಮೊನ್ನೆ ಹರಿಹರದಲ್ಲೇ ಪರದೆ ಬಿಚ್ಚುತ್ತಿರುವಾಗ ಒಬ್ಬ ಯುವಕ ಬೈಕಿನಿಂದ ಇಳಿದ. ನಗರಸಭೆಗೆ ನಿಲ್ಲುವ ಆಸೆಯಂತೆ. ಫ್ಲೆಕ್ಸಿಗೆ ಕೈಮುಗಿದ ಫೋಟೋ ಬೇಕು, ಮೊಬೈಲಿನಲ್ಲಿ ತೆಗೆದದ್ದು ದೊಡ್ಡದು ಮಾಡಿದರೆ ಒಡೆಯುತ್ತದೆ ಎಂದ. ನಾನು ಮತದಾರರದ್ದು ಮಾತ್ರ ತೆಗೆಯುವುದು ಎಂದೆ. “ನಾನೂ ಮತದಾರನೇ ಅಲ್ವಾ ಸಾರ್” ಎಂದ. ಹೌದಲ್ಲ! ಕೂರಿಸಿದೆ. ಅವನು ಚೀಲದಿಂದ ಒಂದು ಕೇಸರಿ ಶಾಲು ತೆಗೆದ, ಒಂದು ಹಸಿರು ಶಾಲು ತೆಗೆದ, ಒಂದು ತ್ರಿವರ್ಣದ ಶಾಲು ತೆಗೆದ. ಮೂರನ್ನೂ ನೀಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡ.

ಯಾವ ಪಾರ್ಟಿ ಕಡೆಯವನಪ್ಪ ನೀನು ಎಂದೆ. ಈ ಪ್ರಶ್ನೆ ಕೇಳುವ ಸರದಿ ನನಗೂ ಬಂತಲ್ಲ ಎಂಬ ಖುಷಿಯಲ್ಲೇ ಕೇಳಿದೆ.

“ಟಿಕೆಟ್ ಇನ್ನೂ ಫೈನಲ್ ಆಗಿಲ್ಲ ಸಾರ್. ಮೂರೂ ತೆಗೆದಿಡ್ರಿ. ನಗು ಮಾತ್ರ ಮೂರಕ್ಕೂ ಒಂದೇ ಬರ್ಲಿ, ಆಮೇಲೆ ಜನ ವ್ಯತ್ಯಾಸ ಹುಡುಕ್ತಾರೆ.”

ತೆಗೆದೆ. ಒಂದೇ ನಗು ಮೂರು ಸಲ ಬಂತು, ಕೂದಲೆಳೆಯಷ್ಟೂ ಫರಕಿಲ್ಲ. ದುಡ್ಡು ಬೇಡವೆಂದರೂ ಕೇಳದೆ ಜೇಬಿಗೆ ತುರುಕಿ ಬೈಕು ಹತ್ತಿದವನು ಅರ್ಧ ದಾರಿಯಿಂದ ತಿರುಗಿ ಬಂದ.

“ಸಾರ್, ಶಾಲಿಲ್ದೆ ಒಂದು ತೆಗೆದುಬಿಡ್ರಿ. ಪಕ್ಷೇತರಕ್ಕೆ. ಹಂಸ ಚೂರು ದೊಡ್ಡದಾಗಿ ಕಾಣ್ಲಿ, ಗುರುತು ಯಾವ್ದು ಕೊಡ್ತಾರೋ ಯಾರಿಗ್ಗೊತ್ತು.”